ವರ್ಷಕ್ಕೊಂದು ದಿನ ಮುಚ್ಚುವ ಬಾಗಿಲು

ಮಾರ್ಚ್ 30

ನನ್ನ ದ್ವಾರಪಾಲಕನಿಗೆ,

ಬದುಕಿದ್ದೀಯೇನೋ? ಊರೂರೇ ಬಾಗಿಲು ಹಾಕಿಕೊಂಡು ಕೂತಿದೆ, ಯಾರೂ ಹೊರಗೆ ಬರುವ ಹಾಗಿಲ್ಲ ಅಂತ ಪಕ್ಕದ ಮನೆಯವಳು ಕೈಸನ್ನೆಯಲ್ಲಿ ಹೇಳಿದಳು. ಅವಳು ಬಾಯಿಗೆ ಬಟ್ಟೆ ಕಟ್ಟಿಕೊಂಡ ಮೇಲೆ ತುಟಿ ನೋಡಿ ಮಾತು ತಿಳಿಯುತ್ತಿದ್ದುದೂ ತಪ್ಪಿತು. ಮೂವತ್ತು ವರ್ಷ ಹೊಲಿಗೆ ಯಂತ್ರಗಳ ಮಧ್ಯೆ ಕೂತು ಕಿವಿ ಕಳೆದುಕೊಂಡವಳಿಗೆ ಈ ಕಾಯಿಲೆ ಬಾಯಿಗಳನ್ನೂ ಮುಚ್ಚಿಸಿಬಿಟ್ಟಿತು ನೋಡು. ಫೋನು ಮಾಡಬೇಡ. ನೀನು ಏನು ಹೇಳಿದರೂ ನನಗೆ ಗುಂಯ್ ಅಂತಲೇ ಕೇಳುವುದು, ಸುಮ್ಮನೆ ಇಬ್ಬರಿಗೂ ಸಿಟ್ಟು. ಕಾಗದವೇ ಬರಿ.

ನನ್ನ ಬಗ್ಗೆ ಯೋಚನೆ ಬೇಡ. ಕಾರ್ಖಾನೆಯಲ್ಲಿ ಈಗ ಅಂಗಿ ಬಿಟ್ಟು ಮುಖಗವಸು ಹೊಲಿಯುತ್ತಿದ್ದೇವೆ, ಕೈತುಂಬ ಕೆಲಸ. ನಿನ್ನ ಹೆಂಡತಿ ಹೇಗಿದ್ದಾಳೆ? ಮೆಟ್ಟಿಲ ಕೆಳಗಿನ ಆ ಒಂದು ಕೋಣೆಯಲ್ಲಿ ಹಗಲೂ ರಾತ್ರಿ ನಿನ್ನ ಮುಖ ನೋಡಿಕೊಂಡಿರಬೇಕಲ್ಲ, ಪಾಪ ಅಂತ ಅನಿಸುವುದು ಅವಳ ಬಗ್ಗೆಯೇ. ಅಂಗಡಿ ಎಲ್ಲ ಮುಚ್ಚಿದ ಮೇಲೆ ನಿನ್ನನ್ನು ಯಾಕೆ ಇಟ್ಟುಕೊಂಡಿದ್ದಾರೆ ನಿಮ್ಮ ಸಾಹುಕಾರರು? ಯಾರಿಗೆ ಸಲಾಂ ಹೊಡೆಯುತ್ತೀ? ಕಂಬಗಳಿಗಾ?

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆಯಬೇಡ. ಇದ್ದದ್ದು ಇದ್ದ ಹಾಗೆ ಬರಿ.

ನಿನ್ನ ಅಕ್ಕ

ಏಪ್ರಿಲ್ 11

ಅಕ್ಕಾ,

ಕಾಗದ ಸಿಕ್ಕಿತು. ಅಂಚೆಯವನು ಅದನ್ನು ಕೋಲಿನ ತುದಿಗೆ ಸಿಕ್ಕಿಸಿ ಕೊಟ್ಟ. ನಾವಿಬ್ಬರೂ ಚೆನ್ನಾಗಿದ್ದೇವೆ.

ಕಾಂಪ್ಲೆಕ್ಸಿನ ನಲವತ್ತು ಅಂಗಡಿಗಳೂ ಮುಚ್ಚಿವೆ. ಗಡಿಯಾರದ ಅಂಗಡಿಯವನು ಮಾತ್ರ ಒಳಗೆ ಗಡಿಯಾರಗಳನ್ನು ಹಾಗೇ ಬಿಟ್ಟು ಹೋಗಿದ್ದಾನೆ. ಅವು ತಮ್ಮಷ್ಟಕ್ಕೆ ಗಂಟೆ ಹೊಡೆಯುವುದನ್ನು ಕೇಳಿಕೊಂಡು ನಾನು ಗಸ್ತು ತಿರುಗುತ್ತೇನೆ. ನಿನಗೆ ಈ ಕಟ್ಟಡ ಗೊತ್ತಲ್ಲ. ಮುಂದಿನ ಬಾಗಿಲು ದೊಡ್ಡ ಬೀದಿಗೆ, ಹಿಂದಿನ ಬಾಗಿಲು ಆಸ್ಪತ್ರೆಯ ಓಣಿಗೆ. ಒಂದು ಪಕ್ಕ ರೈಲು ಹಳಿ, ಇನ್ನೊಂದು ಪಕ್ಕ ಕಾಲುವೆ. ಬೀದಿಯ ಜನ ಆಸ್ಪತ್ರೆಗೆ ಹೋಗಬೇಕೆಂದರೆ ನಮ್ಮ ಅಂಗಡಿಗಳ ನಡುವೆಯೇ ನಡೆದು ಹೋಗುವುದು ರೂಢಿ. ಮೂರು ನಿಮಿಷ. ಇಲ್ಲದಿದ್ದರೆ ಮೇಲ್ಸೇತುವೆ ಹತ್ತಿ ಇಳಿದು ಸುತ್ತಬೇಕು. ಗಟ್ಟಿಮುಟ್ಟಾದವರಿಗೇ ಮುಕ್ಕಾಲು ಗಂಟೆ.

ಸಾಹುಕಾರರು ಈಗ ಎರಡೂ ಬಾಗಿಲು ಮುಚ್ಚಿಸಿದ್ದಾರೆ. ಆಸ್ಪತ್ರೆಗೆ ಹೋಗಿ ಬರುವವರೆಲ್ಲ ಒಳಗೆ ಓಡಾಡಿದರೆ ಕಾಯಿಲೆ ಕಟ್ಟಡಕ್ಕೇ ಅಂಟುತ್ತದೆ, ನಾಳೆ ಅಂಗಡಿ ತೆರೆದರೆ ಗಿರಾಕಿಗಳು ಬರುವುದಿಲ್ಲ ಅನ್ನುತ್ತಾರೆ. ಅದೂ ಸುಳ್ಳಲ್ಲ. ಬೀಗದ ಕೈ ನನ್ನ ಹತ್ತಿರವಿದೆ. ಕ್ಯಾಮೆರಾ ಇದೆ, ಸಾಹುಕಾರರು ಮನೆಯಲ್ಲಿ ಕೂತೇ ಎಲ್ಲ ನೋಡುತ್ತಾರೆ. ಹೊತ್ತು ಹೋಗದ ಜನ ದಿನಕ್ಕೆ ಇಪ್ಪತ್ತು ಸಲ ಬಂದು ಬಾಗಿಲು ಬಡಿಯುತ್ತಾರೆ. “ಇದೇನು ನಿಮ್ಮಪ್ಪನ ಮನೆಯಾ?” ಅನ್ನುತ್ತಾರೆ. “ನಮ್ಮಪ್ಪನದಲ್ಲ, ಸಾಹುಕಾರರ ಅಪ್ಪನದು. ಸುತ್ತಿ ಹೋಗಿ” ಅನ್ನುತ್ತೇನೆ.

ಮೇಷ್ಟ್ರ ವಿಚಾರ ಮಾತ್ರ ಸ್ವಲ್ಪ ಕಷ್ಟ. ಎದುರು ಬೀದಿಯಲ್ಲಿದ್ದಾರೆ, ನಿವೃತ್ತರು. ಅವರ ಹೆಂಡತಿಯನ್ನು ವಾರಕ್ಕೆ ಮೂರು ಸಲ ಗಾಲಿಕುರ್ಚಿಯಲ್ಲಿ ಕೂರಿಸಿ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುತ್ತಿದ್ದರು, ನಮ್ಮ ದಾರಿಯಲ್ಲೇ. ಹಿಂದಿನ ಬಾಗಿಲ ಬಳಿ ಮೂರು ಮೆಟ್ಟಿಲಿವೆ. ಅಲ್ಲಿ ನನ್ನ ಹೆಂಡತಿಯೇ ಹೋಗಿ ಕುರ್ಚಿಯ ಒಂದು ಕಡೆ ಹಿಡಿಯುತ್ತಿದ್ದಳು. ಈಗ ವಾಹನಗಳೂ ಓಡುತ್ತಿಲ್ಲ. ಮೇಷ್ಟ್ರು ಬಂದು, “ಸಾಹುಕಾರರನ್ನ ಒಂದು ಮಾತು ಕೇಳಿ ನೋಡಪ್ಪ, ನಮಗೊಬ್ಬರಿಗೆ ಬಿಡ್ತಾರಾ ಅಂತ” ಅಂದರು. ಕೇಳಿದೆ. ಆಗುವುದಿಲ್ಲ ಅಂದುಬಿಟ್ಟರು. ನಾನೇನು ಮಾಡಲಿ? ಕೆಲಸ ಹೋದರೆ ಕೋಣೆಯೂ ಹೋಗುತ್ತದೆ.

ತಮ್ಮ

ಏಪ್ರಿಲ್ 22

ತಮ್ಮಾ,

ನಿನ್ನ ಕಾಗದ ಓದಿ ಮನಸ್ಸಿಗೆ ಒಂಥರಾ ಆಯಿತು. ಬಾಗಿಲು ಮುಚ್ಚಿ ನಿಂತ ನಿನ್ನನ್ನು ನನಗೆ ನೆನೆಯಲಿಕ್ಕೇ ಆಗುತ್ತಿಲ್ಲ.

ಮೂರು ವರ್ಷದ ಹಿಂದೆ ನೀನು ಬರೆದ ಕಾಗದ ನನ್ನ ಹತ್ತಿರ ಇನ್ನೂ ಇದೆ. ನೆನಪಿದೆಯಾ? ವರ್ಷದ ಕೊನೆಯ ಭಾನುವಾರ ಒಂದು ದಿನ ಆ ದಾರಿಯನ್ನು ಮುಚ್ಚಲೇಬೇಕು, ಮುಚ್ಚಿದೆ ಅಂತ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು, ಇಲ್ಲದಿದ್ದರೆ ದಾರಿ ಸಾರ್ವಜನಿಕರದ್ದು ಅಂತ ಆಗಿಬಿಡುತ್ತದೆ ಅಂತ ನಿಮ್ಮ ಸಾಹುಕಾರರ ತಂದೆ ಮಾಡಿದ ನಿಯಮ. ನೀನು ಮೊದಲ ವರ್ಷ ಮುಚ್ಚಿದೆಯಂತೆ. ಆಮೇಲೆ ಒಂದು ವರ್ಷವೂ ಮುಚ್ಚಲಿಲ್ಲ. “ಪುಸ್ತಕದಲ್ಲಿ ಮುಚ್ಚಿದೆ ಅಂತ ಬರೆದು, ಬಾಗಿಲು ತೆರೆದಿಟ್ಟು, ಚಹಾ ಕುಡಿಯುತ್ತಾ ಹೋಗಿ ಬರುವವರನ್ನು ನೋಡುತ್ತಾ ಕೂತಿದ್ದೇನೆ” ಅಂತ ಬರೆದಿದ್ದೆ. ಎಷ್ಟು ಸಲ ಓದಿ ನಕ್ಕಿದ್ದೇನೋ! ನನ್ನ ತಮ್ಮ ದೊಡ್ಡವರ ಕಣ್ಣಿಗೆ ಮಣ್ಣೆರಚಿ ಬಡವರಿಗೆ ದಾರಿ ಬಿಟ್ಟ ಧರ್ಮಾತ್ಮ ಅಂತ ಕಾರ್ಖಾನೆಯವರ ಮುಂದೆಲ್ಲ ಹೇಳಿಕೊಂಡು ಮೆರೆದಿದ್ದೇನೆ.

ಆ ತಮ್ಮ ಈಗ ಎಲ್ಲಿ ಹೋದ? ಸಾಹುಕಾರರು ಬೇಡ ಅಂದರು, ಸರಿ. ಇನ್ನೊಂದು ಸಲ ಕೇಳು. ಕಾಲು ಹಿಡಿ. ಮೇಷ್ಟ್ರ ಹೆಂಡತಿ ಹೇಗಿದ್ದಾರೆ ಅಂತ ತಪ್ಪದೆ ಬರಿ. ಆ ಸೇತುವೆಯ ಏರು ನಾನು ನೋಡಿದ್ದೇನೆ. ಬರಿಗೈಯಲ್ಲಿ ಹತ್ತುವಾಗಲೇ ನನ್ನ ಉಸಿರು ಬಾಯಿಗೆ ಬಂದಿತ್ತು.

ಅಕ್ಕ

ಮೇ 7

ಅಕ್ಕಾ,

ಈ ಕಾಗದ ತಲುಪಿದ ತಕ್ಷಣ ಒಂದು ಕೆಲಸ ಮಾಡಬೇಕು. ನೀನು ಹೇಳಿದೆಯಲ್ಲ, ಮೂರು ವರ್ಷದ ಹಿಂದಿನ ಆ ಕಾಗದ, ಅದನ್ನು ಸುಟ್ಟುಬಿಡು. ಹರಿದು ಎಸೆಯಬೇಡ, ಸುಡು.

ಗಾಬರಿಯಾಗಬೇಡ. ಬೀದಿಯವರು ಸೇರಿ ದಾರಿ ಬಿಡಿಸಬೇಕು ಅಂತ ಕೋರ್ಟಿಗೆ ಹೋಗಿದ್ದಾರೆ. ಮುಂದೆ ನಿಂತಿರುವವರು ಮೇಷ್ಟ್ರು. ಇಷ್ಟು ವರ್ಷ ತಡೆಯಿಲ್ಲದೆ ಓಡಾಡಿದ್ದೇವೆ, ಆದ್ದರಿಂದ ಇದು ಎಲ್ಲರ ದಾರಿ ಅನ್ನುವುದು ಅವರ ವಾದ. ವರ್ಷಕ್ಕೊಂದು ದಿನ ಮುಚ್ಚಿದ್ದೇವೆ, ಪುಸ್ತಕ ನೋಡಿ ಅನ್ನುವುದು ಸಾಹುಕಾರರ ವಾದ. ಆ ಪುಸ್ತಕದಲ್ಲಿ ಇಪ್ಪತ್ತೆರಡು ವರ್ಷವೂ ನನ್ನ ಸಹಿಯೇ. ಅದು ಸುಳ್ಳು ಅಂತ ತಿಳಿದರೆ ನನ್ನ ಗತಿ ಏನು ಹೇಳು. ನಾನು ನಿನಗೆ ಎಲ್ಲವನ್ನೂ ಬರೆಯುತ್ತೇನೆ ಅಂತ ಮೇಷ್ಟ್ರಿಗೆ ಗೊತ್ತು, ನನ್ನ ಕಾಗದಗಳನ್ನು ಎಷ್ಟೋ ಸಲ ಅವರೇ ಅಂಚೆಗೆ ಹಾಕಿದ್ದಾರೆ. ಅವರ ವಕೀಲರು ನಿನ್ನನ್ನು ಹುಡುಕಿಕೊಂಡು ಬಂದರೆ ಏನೂ ಗೊತ್ತಿಲ್ಲ ಅನ್ನು. ಕಿವಿ ಕೇಳುವುದಿಲ್ಲವಲ್ಲ, ಅದೇ ಒಳ್ಳೆಯದಾಯಿತು.

ಇನ್ನೊಂದು ಮಾತು. ನೀನು ನನ್ನನ್ನು ಧರ್ಮಾತ್ಮ ಅಂದೆಯಲ್ಲ, ಓದಿ ನಾಚಿಕೆಯಾಯಿತು. ಹಿಂದಿನ ಬಾಗಿಲ ಶಟರು ತುಕ್ಕು ಹಿಡಿದು ಬಿಗಿದುಕೊಂಡಿತ್ತು, ಎಳೆದರೆ ಸೊಂಟ ಹಿಡಿಯುತ್ತಿತ್ತು. ಯಾರು ಎಳೆಯುತ್ತಾರೆ ಅಂತ ಬಿಟ್ಟೆ, ಅಷ್ಟೇ. ಸೋಮಾರಿತನಕ್ಕೆ ನೀನು ಇಷ್ಟು ದೊಡ್ಡ ಹೆಸರಿಟ್ಟೆ.

ಮೇಷ್ಟ್ರ ಹೆಂಡತಿಗೆ ಈಗ ಆಸ್ಪತ್ರೆಯವರೇ ವಾಹನ ಕಳಿಸುತ್ತಿದ್ದಾರೆ. ಮನೆ ಬಾಗಿಲಿಗೇ ಬಂದು ಕರೆದೊಯ್ಯುತ್ತಾರೆ. ಅವರ ಚಿಂತೆ ಬಿಡು.

ಸುಟ್ಟ ಮೇಲೆ ಬರಿ.

ತಮ್ಮ

ಮೇ 16

ತಮ್ಮಾ,

ಸುಟ್ಟೆ. ನಿನ್ನ ಕಾಗದ ಬಂದ ಹತ್ತು ನಿಮಿಷದಲ್ಲಿ ಸುಟ್ಟೆ. ಒಲೆಯ ಮುಂದೆ ನಿಂತು ಒಂದೇ ಒಂದು ಸಲ ಓದಿಕೊಂಡೆ, ಅಷ್ಟೇ. ಜೊತೆಗೆ ಬೇರೆ ಯಾವ ಕಾಗದದಲ್ಲಿ ಏನಿದೆಯೋ ಅಂತ ಅನುಮಾನ ಬಂದು ಆ ವರ್ಷದ್ದನ್ನೆಲ್ಲ ಹಾಕಿಬಿಟ್ಟೆ. ಅಮ್ಮ ತೀರಿಕೊಂಡಾಗ ನೀನು ಬರೆದದ್ದೂ ಅದರಲ್ಲೇ ಇತ್ತು, ಆಮೇಲೆ ಹೊಳೆಯಿತು. ಹೋಗಲಿ ಬಿಡು.

ನಿನ್ನ ಕೆಲಸ ಉಳಿಯಲಿ, ತಲೆಯ ಮೇಲೊಂದು ಸೂರು ಉಳಿಯಲಿ. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ಆಗಬೇಡ. ಮೇಷ್ಟ್ರ ಹೆಂಡತಿಗೆ ವಾಹನ ಸಿಕ್ಕಿದ್ದು ಕೇಳಿ ಜೀವ ಬಂತು. ಅವರಿಗೆ ತೊಂದರೆಯಿಲ್ಲ ಅಂದ ಮೇಲೆ ಉಳಿದವರು ನಾಲ್ಕು ಹೆಜ್ಜೆ ಸುತ್ತಿದರೆ ಸುತ್ತಲಿ.

ಶಟರಿನ ಮಾತು ನಂಬುವುದಿಲ್ಲ ನಾನು. ನೀನು ನಾಚಿಕೆಗೆ ಹಾಗೆ ಬರೆದಿದ್ದೀಯ.

ಅಕ್ಕ

ಜೂನ್ 12

ತಮ್ಮಾ,

ಎರಡು ಕಾಗದ ಬರೆದೆ, ಉತ್ತರವಿಲ್ಲ. ಕೋರ್ಟು ಏನಾಯಿತು? ಅವಳಿಗೆ ಹುಷಾರಿದೆಯಾ? ನಿನಗೇನಾದರೂ ಆಯಿತಾ? ಪಕ್ಕದ ಮನೆಯವಳ ಕೈಯಿಂದ ನಿನಗೆ ಫೋನು ಮಾಡಿಸಿದೆ. ಎತ್ತಿ, “ಅಕ್ಕನಿಗೆ ಚೆನ್ನಾಗಿದ್ದೀನಿ ಅಂತ ಹೇಳಿ” ಅಂದು ಇಟ್ಟೆಯಂತೆ. ಚೆನ್ನಾಗಿರುವವನು ಹಾಗೆ ಇಡುತ್ತಾನಾ? ಏನಿದ್ದರೂ ಸರಿ, ಬರಿ.

ಅಕ್ಕ

ಜೂನ್ 25

ಅಕ್ಕಾ,

ಮೇಷ್ಟ್ರ ಹೆಂಡತಿ ತೀರಿಕೊಂಡರು. ಮೇ 29ಕ್ಕೆ.

ವಾಹನ ಬಂದಿರಲಿಲ್ಲ. ಯಾವ ವಾಹನವೂ ಇರಲಿಲ್ಲ. ನೀನು ಕಾಗದ ಸುಡಲಿ ಅಂತ ಹಾಗೆ ಬರೆದೆ. ಮೇಷ್ಟ್ರು ಸೇತುವೆಯ ಮೇಲಿಂದಲೇ ತಳ್ಳಿಕೊಂಡು ಹೋಗುತ್ತಿದ್ದರು. ಎಪ್ಪತ್ತೊಂದು ವರ್ಷ ಅವರಿಗೆ. ಮೊದಲು ವಾರಕ್ಕೆ ಮೂರು ಸಲ. ಗಂಡನ ಏದುಸಿರು ನೋಡಲಾರದೆ ಆಕೆ, “ಎರಡು ಸಲ ಸಾಕು, ನಂಗೇನೂ ಆಗಲ್ಲ” ಅಂದರಂತೆ. ಆಮೇಲೆ ಒಂದು ಸಲ. ಆಮೇಲೆ ಮೈ ಬಾತುಕೊಂಡಿತು, ನೀರು ಎದೆಗೆ ಏರಿತು. ಕೊನೆಯ ದಿನ ಸೇತುವೆಯ ತನಕವೂ ಹೋಗಲಾಗಲಿಲ್ಲ.

ಇದೆಲ್ಲ ನನಗೆ ಹೇಗೆ ಗೊತ್ತು ಅಂದರೆ, ನಮ್ಮ ಮನೆಯವಳು ಅವರ ಜೊತೆ ಹೋಗುತ್ತಿದ್ದಳು. ಏಪ್ರಿಲ್‌ನಿಂದಲೂ. ತರಕಾರಿ ತರುತ್ತೇನೆ ಅಂತ ಹೇಳಿ ಹೋಗಿ ಮೇಷ್ಟ್ರ ಜೊತೆ ಕುರ್ಚಿ ತಳ್ಳುತ್ತಿದ್ದಳು. ಒಂದು ದಿನ ಅಂಗೈಯ ಬೊಬ್ಬೆ ನೋಡಿ ಕೇಳಿದೆ. “ಬಾಗಿಲು ಕಾಯೋರಿಗೆ ಬಾಗಿಲು, ನನಗೆ ದಾರಿ” ಅಂದಳು. ತಡೆಯಲಿಲ್ಲ ನಾನು. ಜೊತೆಗೆ ಹೋಗಲೂ ಇಲ್ಲ.

ಕೋರ್ಟು ಮೇ 12ಕ್ಕೆ ಕಂಪ್ಯೂಟರಿನಲ್ಲೇ ನಡೆಯಿತು. ನನ್ನನ್ನು ಸಾಹುಕಾರರ ಆಫೀಸಿನಲ್ಲಿ ಕೂರಿಸಿದ್ದರು. ಪರದೆಯ ಮೇಲೆ ಸಣ್ಣ ಸಣ್ಣ ಚೌಕ, ಒಂದರಲ್ಲಿ ಜಡ್ಜು, ಒಂದರಲ್ಲಿ ಮೇಷ್ಟ್ರು. ಅವರ ಹಿಂದೆ ಮಂಚದ ತುದಿ ಕಾಣುತ್ತಿತ್ತು. “ಪುಸ್ತಕದಲ್ಲಿರೋದು ನಿಮ್ಮ ಕೈಬರಹವಾ?” ಅಂದರು ಜಡ್ಜು. ಹೌದು ಅಂದೆ. “ಆ ದಿನಗಳಲ್ಲಿ ಬಾಗಿಲು ಮುಚ್ಚಿದ್ದು ನಿಜಾನಾ?” ನಿಜ ಅಂದೆ. ಅಷ್ಟು ವರ್ಷ ಆ ಕೊನೆಯ ಭಾನುವಾರಗಳಲ್ಲಿ ನನ್ನ ಮುಂದೆಯೇ ಹಾದು ಹೋದ ಮನುಷ್ಯ ಆ ಚೌಕದೊಳಗಿಂದ ನನ್ನನ್ನೇ ನೋಡುತ್ತಿದ್ದರು. ಪೂರ್ತಿ ವಿಚಾರಣೆ ಆಮೇಲೆ, ಅಲ್ಲಿಯ ತನಕ ಬಾಗಿಲು ಮುಚ್ಚಿಯೇ ಇರಲಿ ಅಂತ ಆಯಿತು.

ನೀನು ಸುಟ್ಟೆ ಅಂತ ಬರೆದ ಕಾಗದ ಬಂದಾಗ ನನಗೆ ನೆಮ್ಮದಿಯಾಯಿತು ಅಕ್ಕ. ಸುಳ್ಳು ಹೇಳುವುದಿಲ್ಲ. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಒಂದು ವಾರಕ್ಕೆ ಆಕೆ ಹೋದರು.

ತಮ್ಮ

ಜುಲೈ 4

ಏನಂತ ಕರೆಯಲಿ ನಿನ್ನನ್ನು?

ನನ್ನ ಕೈಯಿಂದ ಸುಡಿಸಿದೆಯಲ್ಲೋ. ವಾಹನ ಬರುತ್ತದೆ ಅಂತ ಬರೆದು, ನನ್ನ ಕೈಯಿಂದ. ಆ ಒಂದು ಹಾಳೆ ಮೇಷ್ಟ್ರ ಕೈಗೆ ಸಿಕ್ಕಿದ್ದರೆ ಬಾಗಿಲು ತೆಗೆಸುತ್ತಿದ್ದರು. ಆಕೆ ಇವತ್ತು ಮೂರು ನಿಮಿಷದಲ್ಲಿ ಹೋಗಿ ಬರುತ್ತಿದ್ದರು. ಯಾರೋ ಏನೋ, ನಾನು ಮುಖ ನೋಡದ ಹೆಂಗಸು. ದಿನಾ ಒಲೆ ಹಚ್ಚುವಾಗ ಆಕೆಯ ನೆನಪು ಬರುತ್ತದೆ ನನಗೆ.

ಆದರೆ ನಿನಗೆ ಬೈದು ನಾನು ಒಳ್ಳೆಯವಳಾಗಲಾರೆ. ನಾನೂ ಬರೆಯದೆ ಮುಚ್ಚಿಟ್ಟದ್ದಿದೆ. ಮುಖಗವಸು ಹೊಲಿಯುತ್ತಿದ್ದೇನೆ ಅಂದೆನಲ್ಲ, ಎರಡೇ ವಾರ. ಏಪ್ರಿಲ್ ಮೊದಲಲ್ಲೇ ಕಿವಿ ಕೇಳದವರನ್ನೆಲ್ಲ ಮನೆಗೆ ಕಳಿಸಿದರು. ಬಾಡಿಗೆ ಕಟ್ಟಲಾಗದಿದ್ದರೆ ನಿನ್ನ ಆ ಮೆಟ್ಟಿಲ ಕೆಳಗೆ ಬಂದು ಬಿದ್ದುಕೊಳ್ಳಬೇಕು ಅಂತ ಲೆಕ್ಕ ಹಾಕಿ ಕೂತಿದ್ದೆ. ನಿನ್ನ ಕೋಣೆ ಹೋದರೆ ನನಗೂ ಜಾಗವಿಲ್ಲ ಅನ್ನುವುದೇ ಹೊಳೆದದ್ದು ಮೊದಲು. ಅದಕ್ಕೇ ಹತ್ತು ನಿಮಿಷದಲ್ಲಿ ಸುಟ್ಟೆ. ಯಾವ ವಾಹನ, ಯಾವ ಆಸ್ಪತ್ರೆ ಅಂತ ಒಂದು ಮಾತೂ ಕೇಳಲಿಲ್ಲ.

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಇನ್ನೂ ಯಾರು ಯಾರು ಆ ಏರು ಹತ್ತುತ್ತಿದ್ದಾರೋ. ಸಾಹುಕಾರರು ಬೇಡ ಅಂದರೂ ಸರಿ, ಕ್ಯಾಮೆರಾ ಇದ್ದರೂ ಸರಿ, ಹೋಗಿ ಬಾಗಿಲು ತೆಗೆಯೋ. ಓಡಿಸಿದರೆ ಮೂವರೂ ಬೀದಿಯಲ್ಲಿರೋಣ.

ಅಕ್ಕ

ಜುಲೈ 29

ಅಕ್ಕಾ,

ಬಾಗಿಲು ತೆಗೆದೆ. ನೀನು ಹೇಳಿದ್ದಕ್ಕಲ್ಲ. ನಿನ್ನ ಕಾಗದ ಬಂದದ್ದು ಆಮೇಲೆ.

ಜುಲೈ 8ಕ್ಕೆ ಇವಳಿಗೆ ಜ್ವರ ಬಂತು. ಮೂರನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಚಾಪೆಯ ಮೇಲೆ ಎದ್ದು ಕೂತು ಉಸಿರು ಸಿಗುತ್ತಿಲ್ಲ ಅಂತ ಕೈ ಬೀಸಿದಳು. ತುಟಿ ನೀಲಿಯಾಗಿತ್ತು. ನಾನು ಯೋಚನೆಯನ್ನೇ ಮಾಡಲಿಲ್ಲ ಅಕ್ಕ. ಅವಳನ್ನು ಬೆನ್ನ ಮೇಲೆ ಹಾಕಿಕೊಂಡು ಅಂಗಡಿಗಳ ನಡುವೆ ಓಡಿದೆ, ಹಿಂದಿನ ಬಾಗಿಲ ಬೀಗ ತೆಗೆದೆ. ಶಟರು ಅರ್ಧಕ್ಕೆ ನಿಂತಿತು, ಒದ್ದೆ, ಮೇಲೆ ಹೋಯಿತು. ಮೂರು ಮೆಟ್ಟಿಲು, ಓಣಿ, ಆಸ್ಪತ್ರೆ. ಹಿಂದಿರುಗಿ ನೋಡಿದರೆ ಬಾಗಿಲು ಹಾಗೇ ತೆರೆದುಕೊಂಡಿತ್ತು. ಕುರ್ಚಿ ತಳ್ಳಿ ತಳ್ಳಿ ಆಸ್ಪತ್ರೆಯಿಂದಲೇ ಅವಳಿಗೆ ಅಂಟಿರಬೇಕು ಅಂದರು ಡಾಕ್ಟರು. ಇನ್ನು ಅರ್ಧ ಗಂಟೆ ತಡವಾಗಿದ್ದರೆ ಕೈಗೆ ಸಿಗುತ್ತಿರಲಿಲ್ಲ ಅಂತಲೂ ಅಂದರು.

ಮರುದಿನ ಸಾಹುಕಾರರ ಫೋನು ಬಂತು. ಕ್ಯಾಮೆರಾದಲ್ಲಿ ನೋಡಿದ್ದರು. ಕೆಲಸ ಹೋಯಿತು ಅಂದುಕೊಂಡೇ ಎತ್ತಿದೆ. “ಹೇಗಿದ್ದಾಳಪ್ಪ ಮನೆಯವಳು?” ಅಂದರು. ನಾನು ಕ್ಷಮಿಸಿ ಕ್ಷಮಿಸಿ ಅಂತ ತೊದಲಿದೆ. “ಅಯ್ಯೋ, ಇಂಥ ಹೊತ್ತಲ್ಲಿ ನನ್ನನ್ನ ಕೇಳ್ಬೇಕೇನಯ್ಯ? ಜೀವ ದೊಡ್ಡದಾ, ಬಾಗಿಲು ದೊಡ್ಡದಾ?” ಅಂದರು. ಆಮೇಲೆ ಅವರೇ ಹೇಳಿದರು. “ಆ ಮೇಷ್ಟ್ರೂ ನನ್ನ ಹತ್ರ ಬರಬಹುದಿತ್ತು. ಸೀದಾ ಕೋರ್ಟಿಗೆ ಹೋದ್ರು. ಬಂದು ಕೇಳಿದ್ರೆ ಒಂದು ಚೀಟಿ ಬರ್ಕೊಡ್ತಿದ್ದೆ. ನಾನು ಅಪ್ಪಣೆ ಕೊಟ್ಟು ಅವರು ಹೋದ್ರೆ ದಾರಿ ನನ್ನದೇ ಅಂತ ಇನ್ನೂ ಗಟ್ಟಿಯಾಗ್ತಿತ್ತು, ನಂಗೇನು ನಷ್ಟ?”

ಅಕ್ಕ, ಏಪ್ರಿಲ್‌ನಲ್ಲಿ ನಾನು ಅವರನ್ನು ಕೇಳಿರಲಿಲ್ಲ. ಮೇಷ್ಟ್ರಿಗೆ ಕೇಳಿದೆ ಅಂದೆ, ನಿನಗೂ ಕೇಳಿದೆ ಅಂತ ಬರೆದೆ. ಬಾಗಿಲ ಮಾತು ಎತ್ತಿದರೆ ಪುಸ್ತಕದ ಮಾತು ಬರುತ್ತದೆ, ಪುಸ್ತಕದ ಮಾತು ಬಂದರೆ ನನ್ನ ಬಣ್ಣ ಬಯಲಾಗುತ್ತದೆ ಅಂತ ಹೆದರಿ ಬಾಯಿಯೇ ಬಿಡಲಿಲ್ಲ. ಎರಡು ದಿನ ಬಿಟ್ಟು ಮೇಷ್ಟ್ರಿಗೆ, “ಆಗಲ್ಲ ಅಂದ್ರು” ಅಂತ ನಾನೇ ಹೇಳಿದೆ. ಅದನ್ನು ನಂಬಿ ಅವರು ಕೋರ್ಟಿಗೆ ಹೋದರು. ಒಂದು ಮಾತು ಕೇಳಿದ್ದರೆ ಆಗುತ್ತಿತ್ತು.

ಅದನ್ನು ಇವಳಿಗೆ ಆಸ್ಪತ್ರೆಯಲ್ಲೇ ಹೇಳಿದೆ. ಹೇಳದೆ ಇರಲಾಗಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದಳು.

ಹನ್ನೆರಡು ದಿನಕ್ಕೆ ಮನೆಗೆ ಕಳಿಸಿದರು. ಓಣಿಯಲ್ಲಿ ನಮ್ಮ ಬಾಗಿಲು ಎದುರಿಗೇ ಇದೆ. ಸಾಹುಕಾರರೇ ತೆರೆದಿಟ್ಟುಕೊ ಅಂದಿದ್ದರು, ಬೀಗ ಹಾಕಿರಲಿಲ್ಲ. ಇವಳು ಅದರ ಮುಂದೆ ನಿಂತು, “ಸುತ್ತಿ ಹೋಗೋಣ” ಅಂದಳು. ಬೇಡ ಕಣೇ, ಹತ್ತು ಹೆಜ್ಜೆ ಇಡಲಾರೆ ನೀನು ಅಂದೆ. ಕೇಳಲಿಲ್ಲ, ಹೊರಟೇಬಿಟ್ಟಳು. ತೋಳು ಹಿಡಿಯಲು ಹೋದರೆ ಕೊಡವಿಕೊಂಡಳು. ನಾನು ಎರಡು ಹೆಜ್ಜೆ ಹಿಂದೆ ನಡೆದೆ.

ಒಂದೂವರೆ ಗಂಟೆ ಹಿಡಿಯಿತು. ಏರಿನ ಬುಡದಲ್ಲಿ ಕೂತಳು. “ಇಲ್ಲಿ ಮೇಷ್ಟ್ರು ಕುರ್ಚಿಗೆ ಕಲ್ಲು ಕೊಟ್ಟು ಸುಧಾರಿಸ್ಕೊಳ್ತಿದ್ರು” ಅಂದಳು. ಇನ್ನಷ್ಟು ಮೇಲೆ ಕಂಬಿ ಹಿಡಿದು ನಿಂತು, “ಇಲ್ಲಿ ಅಮ್ಮಾವ್ರಿಗೆ ವಾಂತಿಯಾಗಿತ್ತು. ನನ್ನ ಸೆರಗಲ್ಲಿ ಒರೆಸಿದೆ” ಅಂದಳು. ನೆತ್ತಿಯಲ್ಲಿ ಮತ್ತೆ ಕೂತಳು. ಅಲ್ಲಿಂದ ನಮ್ಮ ಕಾಂಪ್ಲೆಕ್ಸಿನ ಎರಡು ಬಾಗಿಲೂ ಕಾಣುತ್ತವೆ, ಹಿಂದಿನದು, ಮುಂದಿನದು. ನಾನು ಇಷ್ಟು ವರ್ಷದಲ್ಲಿ ಅಲ್ಲಿಂದ ನೋಡಿಯೇ ಇರಲಿಲ್ಲ. ಕಂಬಿಗೆ ಒರಗಿ ಉಸಿರು ತಂದುಕೊಂಡಳು.

ಆಮೇಲೆ ಹೇಳಿದಳು. “ಕೊನೇ ಸಲ ಇಲ್ಲಿ ನಿಂತಾಗ ಅಮ್ಮಾವ್ರು ಕೆಳಗೆ ನೋಡ್ಕೊಂಡು, ‘ನಿಮ್ಮೆಜಮಾನ್ರನ್ನ ಬೈಬೇಡ ಕಣಮ್ಮ, ನಮಗೋಸ್ಕರ ಹೋಗಿ ಕೇಳಿದ್ರಲ್ಲ, ಅಷ್ಟು ಯಾರು ಮಾಡ್ತಾರೆ’ ಅಂದ್ರು. ನಾನು ಹೂಂ ಅಂದೆ.”

ತಮ್ಮ